ನಿಮಿರುವಿಕೆ ಕುಂದಿದಾಗ ಮೊದಲು ರಕ್ತನಾಳ ನೋಡಿ: ಕೊಲೆಸ್ಟ್ರಾಲ್ ಪರೀಕ್ಷೆಯಿಂದ ಮಾತ್ರೆಯವರೆಗೆ ಗಂಡಸರಿಗೊಂದು ಮಾರ್ಗದರ್ಶಿ

ನಲವತ್ತು ದಾಟಿದ ಗಂಡಸಿಗೆ ಹಾಸಿಗೆಯಲ್ಲಿ ಗಟ್ಟಿತನ ಕಡಿಮೆಯಾಗತೊಡಗಿದರೆ, ಬಳ್ಳಾರಿಯಾಗಲಿ ಸಿಂಧನೂರಾಗಲಿ ಗಂಗಾವತಿಯಾಗಲಿ, ಹೆಚ್ಚಿನವರು ಹಿಡಿಯುವ ದಾರಿ ಒಂದೇ. ರಾತ್ರಿ ಮೆಡಿಕಲ್ ಶಾಪ್ ಖಾಲಿಯಾಗುವವರೆಗೆ ಕಾದು, ಚೀಟಿಯಿಲ್ಲದೆ ಒಂದು ಮಾತ್ರೆ ಕೇಳಿ ಪಡೆಯುವುದು. ಇಲ್ಲವೇ ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ‘ಗುಪ್ತರೋಗ’ದ ನಂಬರಿಗೆ ಫೋನ್ ಮಾಡುವುದು. ರಕ್ತಪರೀಕ್ಷೆ ಮಾಡಿಸಬೇಕೆಂದು ಹೊಳೆಯುವುದು ಕಡಿಮೆ. ಆದರೆ ಈ ವಯಸ್ಸಿನಲ್ಲಿ ನಿಧಾನವಾಗಿ ಬರುವ ನಿಮಿರು ದೌರ್ಬಲ್ಯಕ್ಕೆ ಬಹಳ ಸಲ ಕಾರಣವಾಗುವುದು ರಕ್ತನಾಳ. ರಕ್ತನಾಳ ಕೆಡಲು ದೊಡ್ಡ ಕಾರಣಗಳಲ್ಲಿ ಒಂದು ಕೊಲೆಸ್ಟ್ರಾಲ್.

ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ಅಗಲ ಸುಮಾರು 1ರಿಂದ 2 ಮಿಲಿಮೀಟರ್. ಹೃದಯದ ನಾಳ 3ರಿಂದ 4 ಮಿ.ಮೀ., ಮೆದುಳಿಗೆ ಹೋಗುವ ಕುತ್ತಿಗೆಯ ನಾಳ 5ರಿಂದ 7 ಮಿ.ಮೀ. ಕೊಬ್ಬಿನ ಪದರ ಮೈಯ ಎಲ್ಲ ನಾಳಗಳಲ್ಲೂ ಜೊತೆಜೊತೆಗೇ ಕೂಡುತ್ತದೆ. ತೂಬು ಸಣ್ಣದಿದ್ದಲ್ಲಿ ಹೂಳಿನ ತೊಂದರೆ ಮೊದಲು ಕಾಣುತ್ತದೆ. ತುಂಗಭದ್ರಾ ಕಾಲುವೆಯ ಕೊನೆಯ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದೆನೋವು ಕಾಣಿಸಿಕೊಳ್ಳುವುದಕ್ಕೆ ಸುಮಾರು 2ರಿಂದ 5 ವರ್ಷ ಮೊದಲೇ ನಿಮಿರುವಿಕೆ ಕುಂದುವುದನ್ನು ಹೃದ್ರೋಗ ತಜ್ಞರು ಅನೇಕ ರೋಗಿಗಳಲ್ಲಿ ಗುರುತಿಸಿದ್ದಾರೆ. ಆ ವರ್ಷಗಳು ನಿಮ್ಮ ಕೈಯಲ್ಲಿರುವ ಸಮಯ. ಬರೀ ಮಾತ್ರೆ ನುಂಗಿ ಲಕ್ಷಣವನ್ನು ಮುಚ್ಚಿಟ್ಟರೆ ಆ ಸಮಯ ಕಳೆದುಹೋಗುತ್ತದೆ.

ಒಳಗೆ ಏನಾಗುತ್ತದೆ

ಆಸೆ ಹುಟ್ಟಿದಾಗ ನರಗಳೂ ರಕ್ತನಾಳದ ಒಳಪದರವೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದು ನಾಳದ ಸ್ನಾಯುಗಳನ್ನು ಸಡಿಲಿಸುತ್ತದೆ, ರಕ್ತ ನುಗ್ಗುತ್ತದೆ, ಹೊರಗೆ ಹೋಗುವ ರಕ್ತನಾಳಗಳು ಒತ್ತಿ ಮುಚ್ಚಿಕೊಳ್ಳುತ್ತವೆ. ಈ ಅನಿಲ ರಕ್ತನಾಳಗಳಿಗೆ ಸಂದೇಶ ಒಯ್ಯುತ್ತದೆ ಎಂದು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಹೆಚ್ಚಾದಾಗ ಅದು ನಾಳದ ಒಳಪದರಕ್ಕೆ ನುಸುಳಿ ಅಲ್ಲೇ ಕೆಟ್ಟು, ನೈಟ್ರಿಕ್ ಆಕ್ಸೈಡ್ ತಯಾರಾಗುವುದನ್ನು ತಗ್ಗಿಸುತ್ತದೆ. ಅಂದರೆ ನಾಳ ಕಟ್ಟಿಕೊಳ್ಳುವ ಮೊದಲೇ ಅದು ಹಿಗ್ಗುವ ಗುಣ ಕಳೆದುಕೊಂಡಿರುತ್ತದೆ. ಈ ಹಂತದಲ್ಲಿ ಹಿಡಿದರೆ ಬಹಳಷ್ಟು ಸರಿಪಡಿಸಬಹುದು. ಗಟ್ಟಿ ಪದರ ಕೂತ ಮೇಲೆ ಸರಿಪಡಿಸುವುದು ಕಷ್ಟ.

ಸಕ್ಕರೆ ಕಾಯಿಲೆ, ಬಿಪಿ, ಬೀಡಿ, ಗುಟ್ಕಾ ಕೂಡ ಇದೇ ಒಳಪದರವನ್ನು ಕೆಡಿಸುತ್ತವೆ. ಆದ್ದರಿಂದ ಕೊಲೆಸ್ಟ್ರಾಲ್ ಒಂದನ್ನೇ ನೋಡಿದರೆ ಲೆಕ್ಕ ಅರ್ಧವಾಗುತ್ತದೆ.

ಹೆಜ್ಜೆ 1: ತೊಂದರೆಯನ್ನು ಅಂಕಿಯಲ್ಲಿ ಬರೆದುಕೊಳ್ಳಿ

ಯಾವಾಗ ಶುರುವಾಯಿತು, ಹೇಗೆ ಬಂತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬೆಳಗಿನ ಜಾವ ಎದ್ದಾಗ ತಾನಾಗಿ ಬರುವ ಗಟ್ಟಿತನ ಮೊದಲಿನಂತೆಯೇ ಇದ್ದು, ಹೆಂಡತಿಯ ಜೊತೆ ಮಾತ್ರ ತೊಂದರೆಯಾಗುತ್ತಿದ್ದರೆ, ಅದೂ ಒಮ್ಮೆಲೇ ಶುರುವಾಗಿದ್ದರೆ, ಸಾಲ, ಜಗಳ, ಅಂಜಿಕೆ, ನಿದ್ದೆಗೇಡಿನಂಥ ಮನಸ್ಸಿನ ಕಾರಣಗಳ ಕಡೆ ಅನುಮಾನ ಹೋಗಬೇಕು. ಬೆಳಗಿನ ಗಟ್ಟಿತನವೂ ತಿಂಗಳುಗಳಲ್ಲಿ ಮೆಲ್ಲಗೆ ಕುಂದಿದ್ದರೆ ರಕ್ತನಾಳ, ನರ ಅಥವಾ ಹಾರ್ಮೋನಿನ ಕಡೆ ನೋಡಬೇಕು. ಎಷ್ಟೋ ಜನರಲ್ಲಿ ಎರಡೂ ಕೂಡಿರುತ್ತವೆ: ನಾಳದಿಂದ ಶುರುವಾಗಿದ್ದಕ್ಕೆ ಅಂಜಿಕೆ ಸೇರಿಕೊಳ್ಳುತ್ತದೆ.

ವೈದ್ಯರು ಬಳಸುವ ಐದು ಪ್ರಶ್ನೆಗಳ ಅಂಕಪಟ್ಟಿಯನ್ನು ನೀವೂ ಬಳಸಬಹುದು. ಕಳೆದ ಆರು ತಿಂಗಳನ್ನು ನೆನೆದು, ಪ್ರತಿಯೊಂದಕ್ಕೂ 1ರಿಂದ 5 ಅಂಕ ಕೊಡಿ; ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. ನಿಮಿರುತ್ತದೆ, ನಿಲ್ಲುತ್ತದೆ ಎಂಬ ಧೈರ್ಯ ಎಷ್ಟಿದೆ? ಕೂಡಲು ಸಾಕಾಗುವಷ್ಟು ಗಟ್ಟಿ ಎಷ್ಟು ಸಲ ಬಂತು? ಕೂಡಿದ ಮೇಲೆ ಎಷ್ಟು ಸಲ ನಿಂತಿತು? ಕೊನೆಯವರೆಗೆ ನಿಲ್ಲಿಸಿಕೊಳ್ಳುವುದು ಎಷ್ಟು ಕಷ್ಟವಾಯಿತು (ಕಷ್ಟವೇ ಆಗದಿದ್ದರೆ 5)? ಒಟ್ಟಿನಲ್ಲಿ ತೃಪ್ತಿ ಎಷ್ಟು ಸಲ ಸಿಕ್ಕಿತು? ಒಟ್ಟು 22ರಿಂದ 25 ಬಂದರೆ ತೊಂದರೆಯಿಲ್ಲ. 17ರಿಂದ 21 ಸೌಮ್ಯ. 12ರಿಂದ 16 ಸೌಮ್ಯಕ್ಕಿಂತ ತುಸು ಹೆಚ್ಚು. 8ರಿಂದ 11 ಮಧ್ಯಮ. 7 ಅಥವಾ ಅದಕ್ಕಿಂತ ಕಡಿಮೆ ತೀವ್ರ. ಈ ಅಂಕಿಯನ್ನು ತಾರೀಖಿನ ಸಮೇತ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಔಷಧ ಕೆಲಸ ಮಾಡಿದೆಯೋ ಇಲ್ಲವೋ ಹೇಳಲು ಇದೇ ಅಳತೆ.

ಹೆಜ್ಜೆ 2: ರಕ್ತಪರೀಕ್ಷೆಗೆ ಸರಿಯಾಗಿ ಹೋಗಿ

ಕೇಳಬೇಕಾದ ಪರೀಕ್ಷೆಗಳು: ಕೊಲೆಸ್ಟ್ರಾಲ್ ಮತ್ತು ರಕ್ತದ ಕೊಬ್ಬು ತೋರಿಸುವ ಲಿಪಿಡ್ ಪ್ರೊಫೈಲ್, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಥೈರಾಯ್ಡಿಗೆ ಟಿಎಸ್‌ಎಚ್, ಕಿಡ್ನಿಗೆ ಕ್ರಿಯಾಟಿನಿನ್, ಲಿವರಿನ ಎಸ್‌ಜಿಪಿಟಿ. ಇವುಗಳಲ್ಲಿ ಜನ ಬಿಡುವುದು ಟಿಎಸ್‌ಎಚ್. ಥೈರಾಯ್ಡ್ ಕುಂದಿದರೆ ಕೊಲೆಸ್ಟ್ರಾಲ್ ಏರುತ್ತದೆ, ಆಸೆಯೂ ತಗ್ಗುತ್ತದೆ. ಅದಕ್ಕೆ ಮದ್ದು ಕೊಟ್ಟರೆ ಎಷ್ಟೋ ಸಲ ಎರಡೂ ಸುಧಾರಿಸುತ್ತವೆ. ಆಸೆಯೇ ಬತ್ತಿದ್ದರೆ ಮಾತ್ರ ಟೆಸ್ಟೋಸ್ಟಿರಾನ್ ಪರೀಕ್ಷೆ ಸೇರಿಸಿ. ಅದನ್ನು ಬೆಳಿಗ್ಗೆ 7ರಿಂದ 10ರೊಳಗೆ ಕೊಡಬೇಕು, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಬೇಕು. ಮಧ್ಯಾಹ್ನ ಕೊಟ್ಟ ಒಂದೇ ರಕ್ತದ ಮೇಲೆ ‘ಹಾರ್ಮೋನ್ ಇಲ್ಲ’ ಎಂದು ಇಂಜೆಕ್ಷನ್ ಶುರುಮಾಡುವವರಿದ್ದಾರೆ. ಹೊರಗಿನಿಂದ ಕೊಟ್ಟ ಟೆಸ್ಟೋಸ್ಟಿರಾನ್ ವೀರ್ಯಾಣು ತಯಾರಾಗುವುದನ್ನು ತಗ್ಗಿಸುತ್ತದೆ. ಮಕ್ಕಳು ಬೇಕೆನ್ನುವವರು ಬಹಳ ಎಚ್ಚರವಾಗಿರಬೇಕು.

ರಾತ್ರಿ 8ಕ್ಕೆ ಊಟ ಮುಗಿಸಿ, ಬೆಳಿಗ್ಗೆ 7ರಿಂದ 8ರೊಳಗೆ ರಕ್ತ ಕೊಡಿ. ನೀರು ಕುಡಿಯಬಹುದು, ಚಹಾ ಬೇಡ. ಹಿಂದಿನ ಎರಡು ದಿನ ಮದ್ಯ ಮುಟ್ಟಬೇಡಿ. ಮುಟ್ಟಿದರೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಸುಳ್ಳೇ ಏರಿ ಕಾಣುತ್ತದೆ. ಜಾತ್ರೆ, ಮದುವೆ, ಜ್ವರ ಮುಗಿದ ವಾರವೇ ಹೋಗಬೇಡಿ. ಎಂದಿನ ಊಟಕ್ಕೆ ಮರಳಿ ಒಂದೆರಡು ವಾರವಾಗಲಿ. ಅದೇ ದಿನ ಬಿಪಿ ನೋಡಿಸಿ, ಹೊಕ್ಕಳಿನ ಮಟ್ಟದಲ್ಲಿ ಸೊಂಟಕ್ಕೆ ಟೇಪು ಹಿಡಿಯಿರಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಎಚ್ಚರಿಕೆಯ ಗೆರೆ.

ಎಲ್ಲಿಗೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ-ಸಕ್ಕರೆ ತಪಾಸಣೆಯ ವಿಭಾಗವಿರುತ್ತದೆ. ಮುಂದಿನ ಹಂತಕ್ಕೆ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವೆ. ಮೊದಲು ನೋಡಬೇಕಾದವರು ಜನರಲ್ ಮೆಡಿಸಿನ್ ವೈದ್ಯರು. ಬಾಯಿ ಬಿಡಲು ಸಂಕೋಚವಾದರೆ ಇಷ್ಟು ಹೇಳಿದರೆ ಸಾಕು: “ಸರ್, ಆರು ತಿಂಗಳಿಂದ ಸರಿಯಾಗಿ ಗಟ್ಟಿ ಆಗವಲ್ದರೀ. ಸಕ್ಕರೆ, ಕೊಲೆಸ್ಟ್ರಾಲ್ ಚೆಕ್ ಮಾಡಸ್ಬೇಕಂತ ಬಂದೀನಿ.” ವೈದ್ಯರಿಗೆ ಇದು ದಿನವೂ ಕೇಳುವ ಮಾತು. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಉದಾಹರಣೆಗೆ ಅಟೆನೊಲಾಲ್ ಅಥವಾ ಮೂತ್ರ ಹೆಚ್ಚಿಸುವ ಥಯಾಜೈಡ್, ನಿಮಿರುವಿಕೆಯನ್ನು ಕುಂದಿಸಬಹುದು. ಅವನ್ನು ನೀವಾಗಿ ಬಿಡಬೇಡಿ. ಬದಲಿಸಿ ಎಂದು ಕೇಳಿ.

ಹೆಜ್ಜೆ 3: ರಿಪೋರ್ಟನ್ನು ನೀವೇ ಓದಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಟ್ಟು ಕೊಲೆಸ್ಟ್ರಾಲ್ 236, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 210. ಹೆಚ್ಚಿನ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ ಲೆಕ್ಕ ಹಾಕುತ್ತವೆ: ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು. 236ರಲ್ಲಿ 36 ಹೋದರೆ 200, ಅದರಲ್ಲಿ 42 ಹೋದರೆ 158. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬಲರ್ಹವಲ್ಲ, ನೇರ ಅಳತೆ ಕೇಳಬೇಕು.

ಮೇಲಿನ 200 ಎಂಬ ಮಧ್ಯದ ಅಂಕಿಯನ್ನು ಮರೆಯಬೇಡಿ. ಒಟ್ಟಿನಿಂದ ಒಳ್ಳೆಯ ಕೊಲೆಸ್ಟ್ರಾಲ್ ಕಳೆದು ಉಳಿದದ್ದು ನಾನ್-ಎಚ್‌ಡಿಎಲ್. ನಾಳಕ್ಕೆ ಕೂರುವ ಎಲ್ಲ ಕೆಟ್ಟ ಕಣಗಳೂ ಅದರಲ್ಲಿರುತ್ತವೆ. ಭಾರತೀಯರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವ ಮಾದರಿ ಸಾಮಾನ್ಯವಾದ್ದರಿಂದ, ಒಟ್ಟು ಅಂಕಿ 190 ಇದ್ದು ‘ನಾರ್ಮಲ್’ ಎಂದು ಕಂಡರೂ ಒಳಗೆ ಅಪಾಯ ಇರಬಹುದು. ನಮ್ಮ ದೃಷ್ಟಿಯಲ್ಲಿ ಈ ಭಾಗದ ಗಂಡಸರು ಒಟ್ಟು ಅಂಕಿಗಿಂತ ನಾನ್-ಎಚ್‌ಡಿಎಲ್ ನೋಡುವುದೇ ಸರಿ.

ಗುರಿಗಳು ಹೀಗಿವೆ. ಬೇರೆ ಕಾಯಿಲೆ ಇಲ್ಲದವರಿಗೆ ಎಲ್‌ಡಿಎಲ್ 100ರೊಳಗೆ, ನಾನ್-ಎಚ್‌ಡಿಎಲ್ 130ರೊಳಗೆ, ಟ್ರೈಗ್ಲಿಸರೈಡ್ 150ರೊಳಗೆ, ಎಚ್‌ಡಿಎಲ್ 40ಕ್ಕಿಂತ ಹೆಚ್ಚು. ಸಕ್ಕರೆ ಕಾಯಿಲೆಯ ಜೊತೆ ಬೇರೆ ಅಪಾಯಗಳೂ ಇದ್ದರೆ ಎಲ್‌ಡಿಎಲ್ 70ರೊಳಗೆ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಭಾರತದ ತಜ್ಞರು 50ರೊಳಗೆ ಇಳಿಸಲು ಹೇಳುತ್ತಾರೆ. ಎಲ್‌ಡಿಎಲ್ 190 ದಾಟಿದ್ದರೆ ಅದು ವಂಶದಿಂದ ಬಂದದ್ದಿರಬಹುದು. ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಪರೀಕ್ಷೆ ಬೇಕು. ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿ ಊದುವ ಅಪಾಯವಿರುವುದರಿಂದ ಮೊದಲು ಅದನ್ನೇ ಇಳಿಸಬೇಕು.

ಹೆಜ್ಜೆ 4: ಅಡುಗೆಮನೆ

ಇಲ್ಲಿಯ ಮೂಲ ಊಟ ಹೃದಯಕ್ಕೆ ಒಳ್ಳೆಯದೇ. ಎಣ್ಣೆಯಿಲ್ಲದ ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿ ಕಾಳು, ಹಸಿ ಉಳ್ಳಾಗಡ್ಡಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ತೊಂದರೆ ಬಂದಿರುವುದು ಅದರ ಸುತ್ತ ಕೂಡಿಕೊಂಡದ್ದರಿಂದ. ಗಂಗಾವತಿ-ಸಿಂಧನೂರು ನೀರಾವರಿ ಬೆಲ್ಟಿನಲ್ಲಿ ಸೋನಾ ಮಸೂರಿ ಅನ್ನ ಮೂರು ಹೊತ್ತೂ ತಾಟಿಗೆ ಬಂದಿದೆ. ದೊಡ್ಡ ರಾಶಿ ಬಿಳಿ ಅನ್ನ ಎಲ್‌ಡಿಎಲ್‌ಗಿಂತ ಟ್ರೈಗ್ಲಿಸರೈಡನ್ನು ಹೆಚ್ಚು ಏರಿಸುತ್ತದೆ. ದಿನಕ್ಕೆ ಒಂದೇ ಹೊತ್ತು ಅನ್ನ, ಅದೂ ಒಂದು ಬಟ್ಟಲು. ಉಳಿದ ಹೊತ್ತು ಜೋಳ, ಸಜ್ಜೆ ಅಥವಾ ನವಣೆ.

ಎಣ್ಣೆಯನ್ನು ಅಳೆಯದೆ ಯಾರೂ ಕಡಿಮೆ ಮಾಡಲಾರರು. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್, ಅಂದರೆ ದಿನಕ್ಕೆ ಮೂರು ಟೀ ಚಮಚ. ನಾಲ್ವರ ಮನೆಗೆ ತಿಂಗಳಿಗೆ 2 ಲೀಟರ್. ಕ್ಯಾನ್ ತೆರೆದ ದಿನ ಅದರ ಮೇಲೆ ತಾರೀಖು ಬರೆಯಿರಿ. 5 ಲೀಟರಿನ ಕ್ಯಾನ್ ತಿಂಗಳೊಳಗೆ ಮುಗಿದರೆ ಎರಡೂವರೆ ಪಟ್ಟು ಹೋಗುತ್ತಿದೆ ಎಂದರ್ಥ. ಪಾಮ್ ಎಣ್ಣೆಯಲ್ಲಿ ಎಲ್‌ಡಿಎಲ್ ಏರಿಸುವ ಗಟ್ಟಿ ಕೊಬ್ಬು ಸುಮಾರು ಅರ್ಧದಷ್ಟಿದೆ. ಶೇಂಗಾ ಎಣ್ಣೆಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ಕುಸುಬಿ ಎಣ್ಣೆಯಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಈ ನೆಲದ ಕುಸುಬಿ ಎಣ್ಣೆ ಗಾಣದಲ್ಲಿ ಸಿಕ್ಕರೆ ಶೇಂಗಾ ಎಣ್ಣೆಯ ಜೊತೆ ಬದಲಿಸಿ ಬದಲಿಸಿ ಬಳಸಿ.

ಒಗ್ಗರಣಿ-ಮಿರ್ಚಿ ಬಿಡಿ ಎಂದರೆ ಬಳ್ಳಾರಿಯಲ್ಲಿ ಯಾರೂ ಕೇಳುವುದಿಲ್ಲ, ಪೂರ್ತಿ ಬಿಡಬೇಕಾಗಿಯೂ ಇಲ್ಲ. ಮಂಡಕ್ಕಿ ಒಗ್ಗರಣಿಯನ್ನು ಮನೆಯಲ್ಲಿ ಎರಡು ಚಮಚ ಎಣ್ಣೆಯಲ್ಲಿ ಮಾಡಿ ಪುಟಾಣಿ ಪುಡಿ, ಉಳ್ಳಾಗಡ್ಡಿ ಹೆಚ್ಚು ಹಾಕಬಹುದು. ಮಿರ್ಚಿ ಬಜಿಯನ್ನು ವಾರಕ್ಕೊಮ್ಮೆಗೆ ಇಳಿಸಿ, ಬಾಣಲೆಯ ಎಣ್ಣೆ ಕಪ್ಪಗೆ ದಪ್ಪಗಾಗಿದ್ದರೆ ಆ ಬಂಡಿಯಲ್ಲಿ ತಿನ್ನಬೇಡಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ನಾಳದ ಒಳಪದರಕ್ಕೆ ವಿಷವಿದ್ದಂತೆ.

ಅಗಸಿಯನ್ನು ಹುರಿದು ಪುಡಿ ಮಾಡಿ ದಿನಕ್ಕೆ ಎರಡು ದೊಡ್ಡ ಚಮಚ ತಿನ್ನಿ. ಇಡೀ ಕಾಳು ನುಂಗಿದರೆ ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ಜೊತೆಗೆ ಒಂದು ಬಟ್ಟಲು ಕಾಳು, ಒಂದು ಹಿಡಿ ಉಪ್ಪಿಲ್ಲದ ಶೇಂಗಾ ಅಥವಾ ಬಾದಾಮಿ. ಮಟನ್ ವಾರಕ್ಕೊಮ್ಮೆ, ಕಣ್ಣಿಗೆ ಕಾಣುವ ಬಿಳಿ ಕೊಬ್ಬನ್ನು ತೆಗೆದು. ಬೋಟಿ, ತಲೆಮಾಂಸ ಅಪರೂಪಕ್ಕೆ. ಕೋಳಿ ಚರ್ಮವಿಲ್ಲದೆ.

ಇಷ್ಟೆಲ್ಲ ಮಾಡಿದರೂ ಊಟದಿಂದ ಎಲ್‌ಡಿಎಲ್ ಇಳಿಯುವುದು ಸಾಮಾನ್ಯವಾಗಿ ಶೇಕಡಾ 10ರಿಂದ 15. ನಮ್ಮ ಉದಾಹರಣೆಯ 158, ಸುಮಾರು 135-140ಕ್ಕೆ ಬರುತ್ತದೆ. ಟ್ರೈಗ್ಲಿಸರೈಡ್ ಮಾತ್ರ ಇದಕ್ಕಿಂತ ಚುರುಕಾಗಿ ಇಳಿಯುತ್ತದೆ, ವಿಶೇಷವಾಗಿ ಮದ್ಯ, ಸಕ್ಕರೆ, ಅನ್ನ ಕಡಿಮೆಯಾದರೆ.

ಹೆಜ್ಜೆ 5: ನಡಿಗೆ, ತಂಬಾಕು

ನಿಮಿರುವಿಕೆಗೆ ಸಹಾಯವಾದ ನಡಿಗೆಯ ಅಳತೆ ಅಧ್ಯಯನಗಳಿಂದ ಸ್ಪಷ್ಟವಾಗಿದೆ: 40 ನಿಮಿಷ, ವಾರಕ್ಕೆ 4 ದಿನ, 6 ತಿಂಗಳು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಹೊಲದಲ್ಲಿ, ಗಣಿಯಲ್ಲಿ ದುಡಿಯುತ್ತೇನಲ್ಲ ಎನ್ನುವವರೂ ಗಮನಿಸಿ: ಈಗ ಟ್ರ್ಯಾಕ್ಟರ್, ಟಿಪ್ಪರ್ ಮೇಲೆ ಕೂತು ಮಾಡುವ ಕೆಲಸವೇ ಹೆಚ್ಚು. ಮಾರ್ಚಿನಿಂದ ಜೂನ್‌ವರೆಗೆ ರಾಯಚೂರಿನ ಬಿಸಿಲಿನಲ್ಲಿ ಏಳು ಗಂಟೆಯ ನಂತರ ಹೊರಡಬೇಡಿ. ಐದೂವರೆಗೆ ಹೊರಟು ಮುಗಿಸಿ. ವರ್ಷಗಟ್ಟಲೆ ಕೂತಿದ್ದವರು ಮೊದಲ ದಿನವೇ ಅಂಜನಾದ್ರಿ ಮೆಟ್ಟಿಲು ಹತ್ತಲು ಹೋಗಬಾರದು. 15 ನಿಮಿಷದಿಂದ ಶುರುಮಾಡಿ ವಾರಕ್ಕೆ 5 ನಿಮಿಷ ಏರಿಸಿ.

ತೂಕ ಇಳಿಸಿದ್ದರ ಫಲಕ್ಕೆ ಇಟಲಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ಸಾಕ್ಷಿ. ನಿಮಿರು ದೌರ್ಬಲ್ಯವಿದ್ದ 110 ಬೊಜ್ಜಿನ ಗಂಡಸರಲ್ಲಿ ಅರ್ಧ ಜನರಿಗೆ ಎರಡು ವರ್ಷ ಊಟ-ವ್ಯಾಯಾಮದ ಕಟ್ಟುನಿಟ್ಟಿನ ತರಬೇತಿ ಕೊಟ್ಟರು. ಅವರಲ್ಲಿ ಸುಮಾರು ಮೂರರಲ್ಲೊಬ್ಬರ ಅಂಕ ಮತ್ತೆ 22 ಮುಟ್ಟಿತು.

ಬೀಡಿ-ಸಿಗರೇಟು ನಾಳವನ್ನು ಅದೇ ಕ್ಷಣ ಕುಗ್ಗಿಸುತ್ತದೆ, ಎಚ್‌ಡಿಎಲ್ ಇಳಿಸುತ್ತದೆ. ಗುಟ್ಕಾದಲ್ಲಿ ಹೊಗೆಯಿಲ್ಲ ಎಂದು ಸಮಾಧಾನ ಪಡುವಂತಿಲ್ಲ, ನಿಕೋಟಿನ್ ಅದರಲ್ಲೂ ಇದೆ. ಬಿಡಲು ನೆರವು ಬೇಕಾದರೆ ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ.

ಹೆಜ್ಜೆ 6: ಕೊಲೆಸ್ಟ್ರಾಲ್ ಮಾತ್ರೆ ಮತ್ತು ಅದರ ಬಗೆಗಿನ ಭಯ

‘ಕೊಲೆಸ್ಟ್ರಾಲ್ ಮಾತ್ರೆ ನುಂಗಿದರೆ ಗಂಡಸ್ತನ ಹೋಗುತ್ತದೆ’ ಎಂಬ ಮಾತು ಈ ಭಾಗದಲ್ಲಿ ಬಹಳ ಓಡಾಡುತ್ತದೆ. ಅದಕ್ಕೊಂದು ತರ್ಕವೂ ಇದೆ: ಟೆಸ್ಟೋಸ್ಟಿರಾನ್ ತಯಾರಾಗುವುದು ಕೊಲೆಸ್ಟ್ರಾಲಿನಿಂದ. ಆದರೆ ಅದಕ್ಕೆ ಬೇಕಾದದ್ದು ತೀರ ಸ್ವಲ್ಪ, ವೃಷಣ ತನಗೆ ಬೇಕಾದ್ದನ್ನು ತಾನೂ ತಯಾರಿಸಿಕೊಳ್ಳುತ್ತದೆ. ಸ್ಟ್ಯಾಟಿನ್ ಗುಂಪಿನ ಮಾತ್ರೆಗಳ ಪ್ರಯೋಗಗಳಲ್ಲಿ ಟೆಸ್ಟೋಸ್ಟಿರಾನ್ ಇಳಿದರೂ ಅದು ಗಣನೆಗೆ ಬಾರದಷ್ಟು. ನಿಮಿರುವಿಕೆಯ ಅಂಕವಂತೂ ಆ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಮೂರು ಅಂಕದಷ್ಟು ಏರಿತ್ತು. ಪೂರ್ತಿ ವಾಸಿಮಾಡುವಷ್ಟು ಏರಿಕೆ ಅದಲ್ಲ. ಆದರೆ ಭಯಕ್ಕೆ ಕಾರಣವಿಲ್ಲ ಎಂದು ಹೇಳಲು ಸಾಕು.

ಅಟೋರ್ವಾಸ್ಟ್ಯಾಟಿನ್ 10-20 ಮಿ.ಗ್ರಾಂ. ಅಥವಾ ರೋಸುವಾಸ್ಟ್ಯಾಟಿನ್ 5-10 ಮಿ.ಗ್ರಾಂ. ಎಲ್‌ಡಿಎಲ್ ಅನ್ನು ಶೇಕಡಾ 30ರಿಂದ 49ರಷ್ಟು ಇಳಿಸುತ್ತದೆ. ನಮ್ಮ 158 ಹೀಗೆ 100ರ ಆಸುಪಾಸಿಗೆ ಬರುತ್ತದೆ. ಪ್ರಮಾಣ ಎರಡು ಪಟ್ಟು ಮಾಡಿದರೆ ಇಳಿಕೆ ಎರಡು ಪಟ್ಟಾಗುವುದಿಲ್ಲ, ಇನ್ನೊಂದು 6 ಶೇಕಡಾ ಮಾತ್ರ. ಆದ್ದರಿಂದ ಗುರಿ ದೂರವಿದ್ದರೆ ವೈದ್ಯರು ಎಜೆಟಿಮೈಬ್ 10 ಮಿ.ಗ್ರಾಂ. ಸೇರಿಸುತ್ತಾರೆ, ಅದು ಇನ್ನೂ ಶೇಕಡಾ 20ರಷ್ಟು ಇಳಿಸುತ್ತದೆ. ಈ ಎರಡು ಸ್ಟ್ಯಾಟಿನ್‌ಗಳನ್ನು ದಿನದ ಯಾವ ಹೊತ್ತಿಗಾದರೂ ನುಂಗಬಹುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಮಾಡುವವರು ರಾತ್ರಿಯೇ ಬೇಕೆಂದು ತಪ್ಪಿಸಿಕೊಳ್ಳುವ ಬದಲು ಹಲ್ಲುಜ್ಜುವ ಹೊತ್ತಿಗೆ ಗಂಟು ಹಾಕಿಕೊಳ್ಳಲಿ. ಜನೌಷಧಿ ಕೇಂದ್ರದಲ್ಲಿ ಇವು ಕಡಿಮೆ ಬೆಲೆಗೆ ಸಿಗುತ್ತವೆ.

ಎರಡೂ ತೊಡೆ, ತೋಳುಗಳಲ್ಲಿ ಹೊಸದಾಗಿ ನೋವು ಬಂದರೆ ವೈದ್ಯರಿಗೆ ತಿಳಿಸಿ. ಮೂತ್ರ ಕಂದಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಹೋಗಿ. ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್ ಬರೆದರೆ ಅಟೋರ್ವಾಸ್ಟ್ಯಾಟಿನ್ ನುಂಗುತ್ತಿರುವುದನ್ನು ಹೇಳಿ.

ಹೆಜ್ಜೆ 7: ನಿಮಿರುವಿಕೆಯ ಮಾತ್ರೆ

ಸಿಲ್ಡೆನಫಿಲ್, ಟಡಾಲಫಿಲ್ ಕೆಟ್ಟ ಔಷಧಗಳಲ್ಲ. ಮೇಲಿನ ಹೆಜ್ಜೆಗಳ ಜೊತೆಗೆ, ವೈದ್ಯರ ಚೀಟಿಯ ಮೇಲೆ ಬಳಸಿದರೆ ಬಹಳ ಜನರಿಗೆ ನೆರವಾಗುತ್ತವೆ. ಅವಕ್ಕೂ ಮುಂಚೆ ಒಂದು ಪರೀಕ್ಷೆ: 20 ನಿಮಿಷದಲ್ಲಿ ಒಂದೂವರೆ ಕಿಲೋಮೀಟರ್ ನಡೆದು, ಎರಡು ಮಹಡಿ ಬಿರುಸಾಗಿ ಹತ್ತಿದಾಗ ಎದೆ ಹಿಡಿಯಬಾರದು, ಉಸಿರು ಕಟ್ಟಬಾರದು. ಆಗದಿದ್ದರೆ ಮೊದಲು ಇಸಿಜಿ, ಯಂತ್ರದ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿ.

ಸಿಲ್ಡೆನಫಿಲ್ ಸಾಮಾನ್ಯವಾಗಿ 50 ಮಿ.ಗ್ರಾಂ.ನಿಂದ ಶುರು, ಒಂದು ಗಂಟೆ ಮುಂಚೆ. ಜಿಡ್ಡಿನ ಊಟ ಮಾಡಿ ನುಂಗಿದರೆ ಸುಮಾರು ಒಂದು ಗಂಟೆ ತಡವಾಗುತ್ತದೆ. ‘ಮಾತ್ರೆ ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಅನೇಕರು ಬಿರಿಯಾನಿ ಉಂಡು ನುಂಗಿದವರು, ಅಥವಾ ಮಾತ್ರೆ ತಾನೇ ಎಬ್ಬಿಸಲಿ ಎಂದು ಕಾದವರು. ಮುದ್ದು, ಸ್ಪರ್ಶ, ಆಸೆ ಇಲ್ಲದಿದ್ದರೆ ನೈಟ್ರಿಕ್ ಆಕ್ಸೈಡ್ ಹುಟ್ಟುವುದಿಲ್ಲ. ಈ ಮಾತ್ರೆ ಅದರ ಕೆಲಸವನ್ನು ಉದ್ದ ಮಾಡುತ್ತದೆ ಅಷ್ಟೇ.

ಪ್ರಾಣ ತೆಗೆಯುವ ತಪ್ಪು ಯಾವುದೆಂದರೆ ಇದನ್ನು ನೈಟ್ರೇಟ್ ಜೊತೆ ಕೂಡಿಸುವುದು. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್, ದಿನವೂ ನುಂಗುವ ಐಸೊಸಾರ್ಬೈಡ್, ಹಾಗೆಯೇ ನಿಕೊರಾಂಡಿಲ್ ಬಳಸುವವರು ಇವನ್ನು ಮುಟ್ಟಲೇಬಾರದು. ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಸಿಲ್ಡೆನಫಿಲ್ ನುಂಗಿದ 24 ಗಂಟೆ, ಟಡಾಲಫಿಲ್ ನುಂಗಿದ 48 ಗಂಟೆಯೊಳಗೆ ಎದೆನೋವು ಬಂದರೆ ಮನೆಯಲ್ಲಿದ್ದ ಸಾರ್ಬಿಟ್ರೇಟ್ ಇಡಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ ನಾಚಿಕೆ ಬಿಟ್ಟು ಏನು, ಎಷ್ಟು ಹೊತ್ತಿಗೆ ನುಂಗಿದಿರಿ ಎಂದು ಹೇಳಿ. ಇದಕ್ಕಾಗಿಯೇ ಮನೆಯಲ್ಲಿ ಒಬ್ಬರಿಗಾದರೂ, ಹೆಂಡತಿಗೆ, ಈ ಮಾತ್ರೆಯ ವಿಷಯ ಗೊತ್ತಿರಬೇಕು. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ನುಂಗುವವರು ಅದನ್ನೂ ವೈದ್ಯರಿಗೆ ತಿಳಿಸಬೇಕು. ಗಟ್ಟಿತನ 4 ಗಂಟೆ ಇಳಿಯದಿದ್ದರೆ ತುರ್ತು ಚಿಕಿತ್ಸೆ ಬೇಕು.

‘ಪೂರಾ ಗಿಡಮೂಲಿಕೆ’ ಎಂದು ಮಾರುವ ಶಕ್ತಿ ಕ್ಯಾಪ್ಸೂಲ್‌ಗಳಲ್ಲಿ ಹೆಸರು ಹೇಳದೆ ಸಿಲ್ಡೆನಫಿಲ್ ಬೆರೆಸಿರುವುದನ್ನು ಔಷಧ ನಿಯಂತ್ರಕರು ಅನೇಕ ಸಲ ಪತ್ತೆಹಚ್ಚಿದ್ದಾರೆ. ಅರ್ಧ ಗಂಟೆಯಲ್ಲಿ ಫಲ ಕೊಡುವ ಬೇರು ಎಂದರೆ ಅನುಮಾನಪಡಿ.

ಮರುಪರೀಕ್ಷೆಯ ದಿನಗಳು

ಸ್ಟ್ಯಾಟಿನ್ ಶುರುವಾದ 6ರಿಂದ 12 ವಾರದೊಳಗೆ ಅದೇ ಲ್ಯಾಬಿನಲ್ಲಿ ಲಿಪಿಡ್ ಮತ್ತು ಎಸ್‌ಜಿಪಿಟಿ. ಎಲ್‌ಡಿಎಲ್ ಇಳಿಯದಿದ್ದರೆ ಮೊದಲು ಎಷ್ಟು ಮಾತ್ರೆ ತಪ್ಪಿದವೆಂದು ಸ್ಟ್ರಿಪ್ ಎಣಿಸಿ ನೋಡಿ, ಆಮೇಲೆ ಪ್ರಮಾಣದ ಮಾತು. ಗುರಿ ಮುಟ್ಟಿದ ಮೇಲೆ 6ರಿಂದ 12 ತಿಂಗಳಿಗೊಮ್ಮೆ ಸಾಕು. ನಿಮಿರುವಿಕೆಯ ಅಂಕವನ್ನು ಮಾತ್ರ 6 ತಿಂಗಳವರೆಗೆ ತೂಗಬೇಡಿ. ರಕ್ತದ ಅಂಕಿ ವಾರಗಳಲ್ಲಿ ಇಳಿಯುತ್ತದೆ, ನಾಳದ ಒಳಪದರ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು. ಆರು ತಿಂಗಳಾದರೂ ಅಂಕ ಏರದಿದ್ದರೆ ಯೂರಾಲಜಿಸ್ಟ್ ಬಳಿ ಹೋಗಿ. ಅವರು ಶಿಶ್ನದ ಡಾಪ್ಲರ್ ಮಾಡಿ ರಕ್ತ ಒಳಬರುವುದು ಕಡಿಮೆಯೋ, ಒಳಬಂದದ್ದು ನಿಲ್ಲುತ್ತಿಲ್ಲವೋ ಎಂದು ನೋಡಿ, ನಿರ್ವಾತ ಪಂಪು ಅಥವಾ ಇಂಜೆಕ್ಷನ್‌ನಂಥ ಮುಂದಿನ ದಾರಿ ಹೇಳುತ್ತಾರೆ.

ಗಟ್ಟಿತನ ಮರಳಿತೆಂದು ಸ್ಟ್ಯಾಟಿನ್ ಬಿಡುವವರು ಬಹಳ. ಬಿಟ್ಟ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೆ ಏರುತ್ತದೆ. ಬಿಡಬೇಕೆನ್ನಿಸಿದರೆ ಹೊಸ ರಿಪೋರ್ಟ್ ಹಿಡಿದುಕೊಂಡು ಹೋಗಿ ವೈದ್ಯರನ್ನು ಕೇಳಿ.